ದೋಣಿಗೆ ಎರಡು ಬಲಿ

ಚಾಮರಾಜಪೇಟೆಯಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇತ್ತು. ತುಕ್ಕು ಹಿಡಿದು ಕೂತ ಬೋಲ್ಟು ಬಿಚ್ಚುವುದು ಕೆಲಸ. ಬೋಲ್ಟುಗಳಿಂದ ಅಷ್ಟು ತೊಂದರೆ ಇರಲಿಲ್ಲ. ಅವುಗಳ ಜೊತೆ ಬರುವ ಜನರಿಂದ ದಿನಾ ಒಂದಲ್ಲ ಒಂದು ಆಗುತ್ತಿತ್ತು. ತೊಂಬತ್ತರ ದಶಕದ ಒಂದು ಬೇಸಿಗೆಯಲ್ಲಿ, ಒಂದೇ ದೋಣಿಯಿಂದ ಆದದ್ದು ಇಷ್ಟು.

ದೋಣಿ ಶಂಕರಪುರಂನ ಯಜಮಾನರೊಬ್ಬರದು. ಪೇಟೆಯಲ್ಲಿ ಜವಳಿ ಅಂಗಡಿ. ಕೆರೆಯೊಂದರಲ್ಲಿ ದೋಣಿವಿಹಾರದ ಗುತ್ತಿಗೆ ಹಿಡಿದಿದ್ದರು. ಇದ್ದದ್ದು ಒಂದೇ ಕಬ್ಬಿಣದ ದೋಣಿ, ಅದಕ್ಕೂ ತುಕ್ಕು. ಬೇಸಿಗೆ ರಜೆಗೆ ಮುಂಚೆ ಇನ್ಸ್‌ಪೆಕ್ಟರು ನೋಡಿ ಒಪ್ಪದಿದ್ದರೆ ಗುತ್ತಿಗೆ ಹೋದಂತೆ.

"ಮನೇಲಿ ಎಲ್ಲರೂ ಬೇಡ ಅಂದ್ರು ರಾಯರೇ. ಚಿಕ್ಕಂದಿನಿಂದ ಆಸೆ ನಂಗೆ" ಎಂದರು. ಕಣ್ಣು ತುಂಬಿತ್ತು.

"ನೋಡೋಣ" ಎಂದೆ.

ಬಾಡಿಗೆ

ಲಾರಿಯವನು ದೋಣಿಯನ್ನು ಅಂಗಡಿ ಮುಂದೆ ಬೋರಲು ಹಾಕಿ ಹೋದ. ಎದುರಿನ ಕಾಫಿಪುಡಿ ಅಂಗಡಿಯವನು ಹೊರಗೆ ಬಂದು ನಕ್ಕ. "ಏನ್ ರಾಯರೇ, ನಮ್ಮ ಮೋರಿ ನಂಬ್ಕೊಂಡು ಮಳೆಗಾಲಕ್ಕೆ ಈಗ್ಲೇ ತರಿಸ್ಕೊಂಡ್ರಾ?"

ನಾನು ದೋಣಿಯ ಬೋಲ್ಟು ಎಣಿಸತೊಡಗಿದೆ.

ಸಂಜೆ ಜೋರು ಮಳೆ. ರಸ್ತೆಯಲ್ಲಿ ಮೊಣಕಾಲುದ್ದ ನೀರು. ಅದೇ ಮನುಷ್ಯ ಪಂಚೆ ಎತ್ತಿ ಕಟ್ಟಿಕೊಂಡು ಬಂದ. ಈ ಸಲ ನಗಲಿಲ್ಲ.

"ಗಂಟೆಗೆ ಬಾಡಿಗೆ ಎಷ್ಟು?"

ಎಣ್ಣೆ ಸ್ನಾನ

ಕೂತ ಬೋಲ್ಟಿಗೆ ಎಣ್ಣೆ ಬಿಟ್ಟು ನೆನೆಸಬೇಕು. ಯಜಮಾನರಿಗೆ ಅಷ್ಟೇ ಹೇಳಿದ್ದೆ. ಅವರು ಮನೆಗೆ ಹೋಗಿ, ದೋಣಿಗೆ ಎಣ್ಣೆ ಹಚ್ಚಬೇಕಂತೆ ಎಂದಿದ್ದಾರೆ. ಮಾರನೆ ದಿನ ಅವರ ತಾಯಿ ಹರಳೆಣ್ಣೆ ಬಾಟಲಿ ಹಿಡಿದು ಬಂದರು.

"ಇವತ್ತು ಶುಕ್ರವಾರ, ಹೆಂಗಸರು ಎಣ್ಣೆ ನೀರು ಹಾಕ್ಕೊಳ್ಳೋ ದಿನ. ದೋಣಿ ಹೆಣ್ಣು ತಾನೇ?"

"ಗಂಡಾಗಿದ್ರೆ?"

"ನಾಳೆ ಬರ್ತಿದ್ದೆ" ಎಂದವರೇ ಚೀಲದಿಂದ ಸೀಗೆಪುಡಿ ತೆಗೆದು ಮೇಜಿನ ಮೇಲಿಟ್ಟರು.

ತಲೆ ಬಂತು

ಎಲ್ಲ ಬೋಲ್ಟೂ ಬಂದವು, ಒಂದು ಬಿಟ್ಟು. ಬೆಳಗಿನ ವಾಕಿಂಗ್ ಮುಗಿಸಿ ಬಂದ ನಿವೃತ್ತ ಅಧಿಕಾರಿಯೊಬ್ಬರು ಪಕ್ಕದಲ್ಲಿ ನಿಂತರು. "ಜೋರಾಗಿ ತಿರುಗಿಸ್ರೀ" ಎಂದರು. ಕಾಯಿಸಬೇಕು, ಅವಸರ ಬೇಡ ಎಂದೆ. ಅವರಿಗೆ ತಾಳ್ಮೆ ಇಲ್ಲ. ನನ್ನ ಕೈಯಿಂದ ಸ್ಪ್ಯಾನರ್ ತೆಗೆದುಕೊಂಡು ತಾವೇ ತಿರುಗಿಸಿದರು. ಟಪ್ ಎಂದಿತು.

"ನೋಡಿದ್ರಾ, ಬಂತು!"

"ತಲೆ ಬಂತು ಸಾರ್. ಮೈ ಒಳಗೇ ಇದೆ."

ಅದನ್ನು ಕೊರೆದು ತೆಗೆಯಲು ಎರಡು ದಿನ ಹಿಡಿಯಿತು. ಆ ಎರಡು ದಿನ ಅವರು ಬೇರೆ ರಸ್ತೆಯಲ್ಲಿ ವಾಕಿಂಗ್ ಹೋದರು.

ಬಲಿ

ತುಕ್ಕು ಕೆರೆದು ಬಣ್ಣ ಬಳಿದದ್ದಾಯಿತು. ಮತ್ತೆ ತುಕ್ಕು ಹಿಡಿಯಬಾರದಲ್ಲ, ಅದಕ್ಕೆ ಕಬ್ಬಿಣದ ದೋಣಿಯ ತಳಕ್ಕೆ ಸತುವಿನ ತುಂಡು ಬಿಗಿಯುತ್ತಾರೆ. ನೀರು ಮೊದಲು ಸತುವನ್ನು ತಿನ್ನುತ್ತದೆ, ಕಬ್ಬಿಣ ಉಳಿಯುತ್ತದೆ. ನಮ್ಮ ಕಸುಬಿನಲ್ಲಿ ಅದಕ್ಕೆ ಬಲಿ ಎನ್ನುತ್ತೇವೆ.

"ನಾಳೆ ಕೆರೆ ಹತ್ರ ಬಲಿ ಕೊಟ್ಬಿಡೋಣ" ಎಂದೆ.

ಯಜಮಾನರ ಮುಖ ಬಿಳಿಚಿತು. "ಬಲೀನಾ?"

"ಎರಡು. ಮುಂದೊಂದು, ಹಿಂದೊಂದು."

"ಕೊಡದೇ ಇದ್ರೆ?"

"ದೋಣಿ ಉಳಿಯಲ್ಲ."

ಚಪ್ಪಲಿ ಮೆಟ್ಟಿಕೊಂಡು ಹೊರಟರು. ಮೊಟ್ಟೆಯನ್ನೂ ಮುಟ್ಟದ ಮನೆತನ. ಅವರು ಏನೆಂದುಕೊಂಡರೆಂದು ನನಗೆ ಹೊಳೆಯಲಿಲ್ಲ.

ಮಾರನೆ ದಿನ ಕೆರೆ ದಡಕ್ಕೆ ಯಜಮಾನರು, ತಾಯಿ, ಪೂಜೆಗೆ ಅಯ್ಯನವರು, ಜೊತೆಗೆ ಎರಡು ಬೂದುಗುಂಬಳ.

"ಜೀವ ತೆಗೆಯೋದಾದ್ರೆ ಗುತ್ತಿಗೇನೇ ಬೇಡ ಅಂತ ಮಗ ರಾತ್ರಿ ಊಟಾನೇ ಮಾಡಿಲ್ಲಪ್ಪ" ಎಂದರು ತಾಯಿ. "ಕುಂಬಳಕಾಯಿ ಆಗಲ್ವಾ?"

ಜೇಬಿನಿಂದ ಸತುವಿನ ಎರಡು ತುಂಡು ತೆಗೆದು ತೋರಿಸಿದೆ. ವಿಷಯ ಹೇಳಿದೆ. ಯಜಮಾನರು ಹೋದ ಜೀವ ಬಂದವರಂತೆ ನಕ್ಕರು. ನಾನು ಸತು ಬಿಗಿದೆ. ತಂದದ್ದಾಯಿತಲ್ಲ ಎಂದು ಕುಂಬಳಕಾಯಿಯನ್ನೂ ಒಡೆದರು. ದೋಣಿಗೆಲ್ಲ ಕುಂಕುಮ. ಎಲ್ಲರೂ ಸೇರಿ ನೀರಿಗಿಳಿಸುವ ಹೊತ್ತಿಗೆ ಇನ್ಸ್‌ಪೆಕ್ಟರು ಬಂದರು. ದೋಣಿಯೊಳಗೆ ಕಾಲಿಡಲು ಹೋದವರು ಕೆಂಪು ನೋಡಿ ನಿಂತರು.

"ಏನ್ರೀ ಇದು?"

ಯಜಮಾನರಿಗೆ ಇನ್ನೂ ಅದೇ ಖುಷಿ. "ಬಲಿ ಕೊಟ್ವಿ ಸಾರ್! ತಳದಲ್ಲಿ ಎರಡು ಸತು!"

"ಎರಡು ಸತ್ತೋದ್ವಾ? ಯಾವಾಗ?"

"ಈಗ ತಾನೇ ಸಾರ್. ಮುಂದೊಂದು, ಹಿಂದೊಂದು. ರಾಯರೇ ಬೋಲ್ಟ್ ಹಾಕಿ ಬಿಗಿದಿದಾರೆ."

ಇನ್ಸ್‌ಪೆಕ್ಟರು ನನ್ನ ಕಡೆ ತಿರುಗಿದರು. ನಾನು ಅವತ್ತು ಮಾತಾಡಿದಷ್ಟು ನನ್ನ ಮದುವೆಯಲ್ಲೂ ಮಾತಾಡಿಲ್ಲ.

ಅವರು ಎಲ್ಲ ಕೇಳಿಸಿಕೊಂಡರು. ದಡದಿಂದಲೇ ದೋಣಿಯೊಳಗೆ ಬಗ್ಗಿ ಬೋಲ್ಟು ನೋಡಿದರು, ಅಲುಗಾಡಿಸಿದರು. "ಸರಿ, ರಜೆಗೆ ಶುರು ಮಾಡ್ಕೊಳ್ಳಿ" ಎಂದರು. ಯಜಮಾನರು ತಾಯಿಯ ಕೈ ಹಿಡಿದುಕೊಂಡರು.

ಇನ್ನು ಒಂದು ಸುತ್ತು ಹೋಗಿ ನೋಡುವುದು ಬಾಕಿ. ಇನ್ಸ್‌ಪೆಕ್ಟರು ಮತ್ತೊಮ್ಮೆ ಕುಂಕುಮದ ಕಡೆ ನೋಡಿದರು. ಆಮೇಲೆ ಮೆಲ್ಲಗೆ ಬೂಟು ಬಿಚ್ಚಿ ದಡದಲ್ಲಿಟ್ಟು, ಬರಿಗಾಲಲ್ಲಿ ಹತ್ತಿದರು.