ಠಾಣೆಗೆ ಹೋಗಿಬರುವ ಬಂದೂಕು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಆ ಸಂಜೆ ಹಾರಿದ್ದು ನಮ್ಮ ಕಾಕಾನ ಬಂದೂಕಲ್ಲ, ನನ್ನ ಬಾಯಿ. ಅಣಕಿಸುವುದು ನನ್ನ ಹುಟ್ಟುಚಟ. ಯಾರಾದರೂ ನಾಲ್ಕು ಮಾತಾಡಿದರೆ ಅವರ ದನಿ ಬಂದು ನನ್ನ ಗಂಟಲಲ್ಲಿ ಕೂತುಬಿಡುತ್ತದೆ. ಅವರು ಎದ್ದು ಹೋದರೂ ಅದು ಏಳುವುದಿಲ್ಲ. ಹುಕ್ಕೇರಿ ಬಸ್ಸಿನ ಕಂಡಕ್ಟರು, ಮೂಡಲಗಿ ಸಂತೆಯಲ್ಲಿ ಎತ್ತಿನ ಹಲ್ಲು ನೋಡಿ ಮೂಗು ಮುರಿಯುವ ದಲ್ಲಾಳಿ, ಕಾಕಾನ ಹೆಂಡತಿ ನಮ್ಮ ಕಾಕುವಿನ ಕುಕ್ಕರು, ಎಲ್ಲರೂ ನನ್ನೊಳಗೆ ಬಾಡಿಗೆ ಕೊಡದೆ ಇದ್ದಾರೆ. ಗೋಕಾಕದಲ್ಲಿ ನಾನು ಪಗಾರಕ್ಕಿರುವ ಮೊಬೈಲ್ ಅಂಗಡಿಯ ಮಾಲೀಕರು ಒಮ್ಮೆ ಅಂಗಡಿಗೆ ಫೋನು ಮಾಡಿದಾಗ ಅವರ ದನಿಯಲ್ಲೇ ‘ಹಲೋ’ ಅಂದೆ. ಪಾಪ, ತಾವು ಮನೆಯಲ್ಲಿದ್ದೇವೋ ಅಂಗಡಿಯಲ್ಲಿದ್ದೇವೋ ಎಂದು ಅವರಿಗೇ ಒಂದು ಗಳಿಗೆ ತಿಳಿಯಲಿಲ್ಲ. ಇಂಥ ಬಾಯಿಯಿಂದ ಮನೆಗೆ ಒಳ್ಳೆಯದಾದದ್ದು ನನಗೆ ನೆನಪಿಲ್ಲ. ಆದರೂ ಅದು ಒಂದು ಬಂದೂಕಿನ ಹಣೆಬರಹಕ್ಕೆ ಕೈಹಾಕೀತೆಂದು ನಾನೂ ಎಣಿಸಿರಲಿಲ್ಲ.

ಬಂದೂಕು ನಮ್ಮ ಅಜ್ಜನದು. ಜೋಡಿ ನಳಿಗೆಯದು, ಬೆಳೆ ಕಾಯುವುದಕ್ಕೆಂದು ಲೈಸೆನ್ಸ್ ಮಾಡಿಸಿದ್ದು. ಅಜ್ಜನ ಕಾಲದಲ್ಲಿ ಅದು ಹಾರುತ್ತಿತ್ತಂತೆ. ಆಮೇಲೆ ಲೈಸೆನ್ಸು ಕಾಕಾನ ಹೆಸರಿಗೆ ಬಂತು, ಹಾರುವುದು ನಿಂತಿತು. ಇರುವೆಯ ಸಾಲು ಕಂಡರೆ ದಾರಿ ಬಿಟ್ಟು ಸುತ್ತಿಬಳಸಿ ಹೋಗುವ ಮನುಷ್ಯ ನಮ್ಮ ಕಾಕಾ. ತತ್ತಿ ಎಂಬ ಶಬ್ದ ಬಾಯಿಗೆ ಬಂದರೂ ಬಾಯಿ ಮುಕ್ಕಳಿಸಿ ಬಾ ಅನ್ನುವವಳು ಕಾಕು. ಇಂಥ ಮನೆ ಸೇರಿದ ಮೇಲೆ ಬಂದೂಕೂ ಶುದ್ಧ ಸಸ್ಯಾಹಾರಿಯಾಯಿತು. ಅದರ ವಾಸ ಕಬ್ಬಿಣದ ಕಪಾಟಿನಲ್ಲಿ, ಕಾಕುವಿನ ಇಳಕಲ್ ಸೀರೆಗಳ ಬಾಜೂಕ್ಕೆ, ಸೀರೆಗೆ ಹುಳ ಹತ್ತದಿರಲೆಂದು ಇಟ್ಟ ಡಾಂಬರ ಗುಳಿಗೆಗಳ ನಡುವೆ. ಮಹಾನವಮಿಯ ಖಂಡೆ ಪೂಜೆಗೆ ಅದನ್ನು ಹೊರತೆಗೆದು, ಹಿಡಿಕೆಗೆ ಮೂರು ಬೆರಳಿನಿಂದ ವಿಭೂತಿ ಎಳೆದು, ಹೋಳಿಗೆಯ ಎಡೆ ತೋರಿಸುತ್ತೇವೆ. ಹುಲಿ ಹೊಡೆಯಲು ಹುಟ್ಟಿದ್ದು ಹೂರಣ ತಿನ್ನುತ್ತ ಕೂತಿದೆ.

ಇನ್ನು ಅದು ಹೊಸ್ತಿಲು ದಾಟುವುದು ಚುನಾವಣೆ ಬಂದಾಗ. ಲೈಸೆನ್ಸ್ ಇದ್ದವರೆಲ್ಲ ತಮ್ಮ ಬಂದೂಕುಗಳನ್ನು ಠಾಣೆಗೆ ಒಪ್ಪಿಸಬೇಕು, ಎಲ್ಲ ಮುಗಿದ ಮೇಲೆ ತರಬೇಕು. ಬೇರೆಯವರಿಗೆ ಇದೊಂದು ತಲೆನೋವು. ಕಾಕಾನಿಗೆ ಇದೇ ಹಬ್ಬ. ಗಡ್ಡ ಹೆರೆಸಿ, ರುಮಾಲು ಸುತ್ತಿ, ಬಂದೂಕನ್ನು ಒಗೆದ ಧೋತರದಲ್ಲಿ ಸುತ್ತಿಕೊಂಡು ಹೊರಡುತ್ತಾನೆ. ಠಾಣೆಯ ಮುಂದಿನ ಬೇವಿನ ಮರದ ಕೆಳಗೆ ಬಂದೂಕಿನವರೆಲ್ಲ ಕೂಡಿರುತ್ತಾರೆ. ಅಳಿಯಂದಿರ ಕ್ಷೇಮ ವಿಚಾರಿಸುವ ಧಾಟಿಯಲ್ಲಿ ನಿಮ್ಮದು ಹೇಗಿದೆ, ನಿಮ್ಮದು ಹೇಗಿದೆ ಎಂದು ಒಬ್ಬರನ್ನೊಬ್ಬರು ಕೇಳುತ್ತಾರೆ. ಮನೆಯಲ್ಲಿ ಪಲ್ಯಕ್ಕೆ ಉಪ್ಪು ಸಾಲದು ಎಂಬ ಮಾತಿಗೂ ಬೆಲೆಯಿಲ್ಲದ ನಮ್ಮ ಕಾಕಾ ಆ ಮರದ ಕೆಳಗೆ ‘ಬಂದೂಕಿನ ಸಾವಕಾರ’. ಎಣಿಕೆ ಮುಗಿದ ಮೇಲೆ ಬಂದೂಕನ್ನು ವಾಪಸ್ ತರುವಾಗ ನೋಡಬೇಕು, ಚೊಚ್ಚಲ ಬಾಣಂತನಕ್ಕೆ ಮಗಳನ್ನು ಕರೆತರುವ ತಂದೆಯ ಮುಖ. ಗೆದ್ದವನ ಮೆರವಣಿಗೆ ಎದುರಿಗೆ ಬಂದರೂ, ಗುಲಾಲು ತನಗೇ ಹಾರಿಸುತ್ತಿದ್ದಾರೆಂಬ ಗತ್ತು.

ಎಲ್ಲ ಸುಖವಾಗಿಯೇ ಇತ್ತು, ಮೂಡಲಗಿ ಕಡೆಯ ನಮ್ಮ ಕಬ್ಬಿಗೆ ಕಾಡುಹಂದಿ ಬೀಳುವವರೆಗೆ. ಒಂದು ಸಂಜೆ ಕಾಕಾ ಬಂದೂಕು ಹಿಡಿದು ಬದುವಿನ ಮೇಲೆ ನಿಂತ. ಕಾಡತೂಸು ಇರಲಿಲ್ಲ, ಹಂದಿಗೆ ಅದು ತಿಳಿಯದಿದ್ದರೆ ಸಾಕೆಂಬುದು ಅವನ ಲೆಕ್ಕ. ಕಬ್ಬು ಅಲುಗಾಡಿತು. ಕಾಕಾ ಗುರಿ ಹಿಡಿದ. ಅವನ ಹಿಂದೆ ಕೂತಿದ್ದ ನನ್ನ ಕೈಗೆ ನೀರಿನ ಪೈಪಿನ ತುಂಡೊಂದು ಸಿಕ್ಕಿತ್ತು, ಕೈಗೆ ಪೈಪು ಸಿಕ್ಕ ಮೇಲೆ ಬಾಯಿ ಸುಮ್ಮನಿರುವುದುಂಟೆ? ಅದಕ್ಕೆ ಬಾಯಿಟ್ಟು ಹೊಟ್ಟೆಯೊಳಗಿನಿಂದ ‘ಢಂ’ ಅಂದೆ. ಹಂದಿಗಳು ಕಬ್ಬು ಸೀಳಿಕೊಂಡು ಓಡಿದವು. ಕಾಕಾನೂ ಎರಡು ಹೆಜ್ಜೆ ಓಡಿದ, ಆಮೇಲೆ ಬಂದೂಕು ತನ್ನ ಕೈಯಲ್ಲೇ ಇದೆಯೆಂದು ನೆನಪಾಗಿ ನಿಂತ. ಬಾಜೂ ಹೊಲದವರಿಗೆ ಕಂಡದ್ದು ಇಷ್ಟು: ರುಮಾಲು, ಬಂದೂಕು, ಸದ್ದು, ಓಡುವ ಹಂದಿ. ಮರುದಿನ ಮೂಡಲಗಿಯ ಚಹಾ ಅಂಗಡಿಯಲ್ಲಿ ಜನ ಎದ್ದು ಕಾಕಾನಿಗೆ ಕೂರಲು ಬೆಂಚು ಬಿಟ್ಟುಕೊಟ್ಟರು. ತಮ್ಮ ಹೊಲಕ್ಕೂ ಬರಬೇಕೆಂದು ಕೈ ಹಿಡಿದುಕೊಂಡರು. ಕಾಕಾ ಹೌದೆಂದೂ ಅನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ, ಚಹಾ ಕುಡಿದ. ಹೊರಗೆ ಬಂದ ಮೇಲೆ ನನಗೆ ಹೇಳಿದ, “ಸಪ್ಪಳಾ ನಿಂದ ಇರಬಹುದು ತಮ್ಮಾ. ಖರೆ ಹಂದಿ ಅಂಜಿದ್ದು ಬಂದೂಕಕ್ಕ.”

ಅಂದೇ ಅವನ ತಲೆಯಲ್ಲಿ ಹುಳ ಹೊಕ್ಕಿತು. ಬಂದೂಕು ರಿಪೇರಿ ಮಾಡಿಸಬೇಕು. ಲೈಸೆನ್ಸ್ ನವೀಕರಣದ ಹೊತ್ತೂ ಬಂದಿತ್ತು. ಕಾಕುವಿಗೆ ಅದೇ ನೆವ: ನವೀಕರಣ ಬೇಡ, ರಿಪೇರಿಯೂ ಬೇಡ, ಕಾಯಮ್ಮಾಗಿ ಸರಕಾರಕ್ಕೇ ಒಪ್ಪಿಸಿ ಕೈ ತೊಳೆದುಕೊಳ್ಳಿ ಎಂದಳು. ಅವಳ ತವರಿನ ಇಳಕಲ್ ಸೀರೆಯ ಸೆರಗಿಗೆ ಬಂದೂಕಿನ ಜಂಗು ಹತ್ತಿ ತುಕ್ಕಿನ ಕಲೆ ಬಿದ್ದಿತ್ತು. ಹೆಣ್ಣುಮಕ್ಕಳು ಯಾವ ಯುದ್ಧವನ್ನು ಮರೆತರೂ ಇದನ್ನು ಮರೆಯುವುದಿಲ್ಲ. ನನಗಂತೂ ಬರೀ ಕುತೂಹಲ. ಹಾರದ ಬಂದೂಕು ಬಂದೂಕೇ ಹೌದೋ? ಹೌದಾದರೆ ಎಲ್ಲಿಯವರೆಗೆ? ಹಾಡು ಬಿಟ್ಟ ಗವಾಯಿಯನ್ನು ಗವಾಯಿ ಅನ್ನುತ್ತೇವೆ, ಹಲ್ಲುದುರಿದ ನಾಯಿಯನ್ನು ನಾಯಿ ಅನ್ನುತ್ತೇವೆ. ಇದೊಂದಕ್ಕೇಕೆ ಪರೀಕ್ಷೆ? ಆದರೂ ಪರೀಕ್ಷೆ ಹೇಗೆ ಮಾಡುತ್ತಾರೆಂದು ನೋಡುವ ಆಸೆಯಿಂದ ನಾನೇ ಮುಂದಾಗಿ ಹೊರಟೆ.

ಬಂದೂಕು ರಿಪೇರಿಯ ಪರವಾನಗಿ ಇದ್ದ ಮಿಸ್ತ್ರಿ ಇದ್ದದ್ದು ಹುಕ್ಕೇರಿಯಲ್ಲಿ. ಧೋತರದಲ್ಲಿ ಸುತ್ತಿದ ಬಂದೂಕನ್ನು ತೊಡೆಯ ಮೇಲಿಟ್ಟುಕೊಂಡು, ಲೈಸೆನ್ಸನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು, ಯಾರಾದರೂ ಇದೇನೆಂದು ಕೇಳಲಿ ಎಂದು ಕಾಕಾ ಬಸ್ಸಿನಲ್ಲಿ ಕಾದ. ಘೋಡಗೇರಿ ದಾಟುವಾಗ ಒಬ್ಬ ಅಜ್ಜಿ ಕೇಳಿದಳು. ಬಂದೂಕು ಅಂದ. ಅಜ್ಜಿ ಮೂಸಿ ನೋಡಿ, ಡಾಂಬರ ಗುಳಿಗೆಯ ವಾಸನೆಗೆ ಮೂಗು ಮುಚ್ಚಿ, ಸೀರೆ ವ್ಯಾಪಾರದವರು ಸುಳ್ಳು ಬೇರೆ ಹೇಳುತ್ತಾರೆಂದು ಬೇರೆ ಸೀಟಿಗೆ ಹೋದಳು.

ಮಿಸ್ತ್ರಿ ದೊಡ್ಡ ಗಂಟಲಿನ ಮನುಷ್ಯ. ಲೋಕದ ಮಂದಿಯೆಲ್ಲ ಬಂದೂಕು ಕೆಡಿಸುವುದಕ್ಕೇ ಹುಟ್ಟಿದವರೆಂದು ನಂಬಿದ್ದ. ನಳಿಗೆಗಳನ್ನು ಬಿಚ್ಚಿ ಒಂದು ಕಣ್ಣು ಮುಚ್ಚಿ ಬೆಳಕಿಗೆ ಹಿಡಿದ. ಒಂದರಲ್ಲಿ ಬೆಳಕೇ ಬರಲಿಲ್ಲ. ಸಲಾಕೆ ಹಾಕಿ ನೂಕಿದರೆ ಕುಂಬಾರ ಹುಳದ ಮಣ್ಣಿನ ಗೂಡು ಪುಡಿಯಾಗಿ ಬಿತ್ತು. ಈ ಹುಳ ನಮ್ಮ ಕಪಾಟಿನದೋ ಠಾಣೆಯದೋ ಎಂದು ಕಾಕಾ ಚಿಂತೆಗೆ ಬಿದ್ದ. ನಾನೂ ಇಣುಕಿದೆ. ಒಳಗೆ ಮಳೆಗಾಲ ಮುಗಿದ ಮೇಲಿನ ನಮ್ಮ ರಸ್ತೆ, ಹೆಜ್ಜೆಗೊಂದು ಗುಂಡಿ. ಆಮೇಲೆ ಮಿಸ್ತ್ರಿ ದಡ್ಡಿ ಎಂಬ ಊರಿನ ಯಾರದೋ ನಳಿಗೆಯನ್ನು ದಾರದಲ್ಲಿ ತೂಗಹಾಕಿ ಕಟ್ಟಿಗೆಯ ತುಂಡಿನಿಂದ ಮೆಲ್ಲಗೆ ಬಡಿದ. ‘ಟಣ್’ ಎಂದು ಎದ್ದ ನಾದ ಅಂಗಡಿಯೆಲ್ಲ ಸುತ್ತಾಡಿತು. ಎರಡು ನಳಿಗೆಗಳ ನಡುವಿನ ಬೆಸುಗೆ ಗಟ್ಟಿಯಿದ್ದರೆ ಹೀಗೆ ಗಂಟೆಯಂತೆ ನುಡಿಯುತ್ತದಂತೆ. ನಮ್ಮದನ್ನು ತೂಗಹಾಕಿ ಬಡಿದ. ‘ಥಪ್’. ಒಡಕು ಗಡಿಗೆ.

ಕಾಕಾ ಇನ್ನೊಮ್ಮೆ ಬಡಿಯಿರಿ ಎಂದ. ಅವನ ಮುಖ ನೋಡಿದೆ, ನೋಡಬಾರದಿತ್ತು. ಪರೀಕ್ಷೆಯ ಫಲಿತಾಂಶದ ಹಲಗೆಯಲ್ಲಿ ತನ್ನ ನಂಬರನ್ನು ಎರಡನೆಯ ಸಲ ಹುಡುಕುವ ಹುಡುಗನ ಮುಖ ಅದು. ಮಿಸ್ತ್ರಿಯ ಕೈ ಬಿದ್ದದ್ದೇ ನನ್ನ ತುಟಿ ಅಲುಗದಂತೆ ಮೂಗಿನಿಂದ ‘ಟಣ್…’ ಅಂದೆ. ಕಾಕಾ ಎದ್ದೇ ನಿಂತ. ಕೇಳಿದಿರೋ ಇಲ್ಲವೋ ಎಂದು ದಾರಿಯಲ್ಲಿ ಹೋಗುವವರನ್ನೂ ಕರೆಯುವವನಿದ್ದ. ಮಿಸ್ತ್ರಿ ನಳಿಗೆ ನೋಡಲಿಲ್ಲ, ನನ್ನನ್ನು ನೋಡಿದ. ನನ್ನ ಮೇಲಿನ ಕಣ್ಣು ತೆಗೆಯದೆ ಮೂರನೆಯ ಸಲ ಬಡಿದ. ‘ಥಪ್’.

“ನಳಗಿ ಬಾಯಿ ಇಲ್ಲೈತಿ ತಮ್ಮಾ,” ಅಂದ, “ನಿಂದು ಮುಚ್ಚು.”

ಆಮೇಲೆ ಕಾಕಾನ ಕಡೆ ತಿರುಗಿದ. “ಬೆಸಗಿ ಬಿಟ್ಟೈತ್ರಿ ಸಾವಕಾರ್ರ, ಒಳಗ ಜಂಗ ತಿಂದೈತಿ. ಕಾಡತೂಸ ಹಾಕಿ ಒತ್ತಿದ್ರ ಮುಂದಿನ ಹಂದಿ ಉಳೀತೈತಿ, ಹಿಂದ ನಿಂತ ನೀವು ಉಳಿಯೂದಿಲ್ಲ. ಹೊಸಾ ನಳಗಿ ಕೂಡ್ರಿಸಿದ್ರ ಹಾರತೈತಿ, ಆದ್ರ ಅದು ನಿಮ್ಮಪ್ಪಂದು ಅಲ್ಲ. ಅಲ್ರಿ, ಹಾರಿಸಿ ಏನ ಮಾಡಾವ್ರದೀರಿ?”

ಕಾಕಾ ಧೋತರವನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. “ಹಾರಸೂದ ಏನಿಲ್ರಿ. ಠಾಣೇಕ ಒಯ್ದಾಗ ನಾಕ ಮಂದಿ ಕೇಳ್ತಾರ, ಹೆಂಗೈತಿ ಅಂತ. ಚಲೋ ಐತಿ ಅನ್ನಾಕ ಬರಬೇಕು, ಅಷ್ಟ.”

ಅಷ್ಟು ದೊಡ್ಡ ಗಂಟಲಿನ ಮಿಸ್ತ್ರಿ ನಳಿಗೆಗಳನ್ನು ದಾರದಿಂದ ಇಳಿಸಿ, ಒರೆಸಿ, ಮೆಲ್ಲಗೆ ಮರಳಿ ಜೋಡಿಸಿಕೊಟ್ಟ. ಆಗ ಕಾಕಾ ಆಡಿದ ಆ ದನಿಯೊಂದು ನನಗೆ ಇವತ್ತಿಗೂ ಬರುವುದಿಲ್ಲ, ಒಬ್ಬನೇ ಇದ್ದಾಗ ಪ್ರಯತ್ನಪಟ್ಟೂ ನೋಡಿದ್ದೇನೆ. ಯೋಚಿಸಿ ಹೇಳುತ್ತೇವೆಂದು ಬಂದೂಕನ್ನು ಮರಳಿ ಸುತ್ತಿಕೊಂಡು ಬಂದೆವು. ಬಸ್ಸಿನಲ್ಲಿ ಕಾಕಾ ಅದನ್ನು ತೊಡೆಯ ಮೇಲಿಡಲಿಲ್ಲ, ಸೀಟಿನ ಕೆಳಗಿಟ್ಟ.

ಊಟಕ್ಕೆ ಕೂತಾಗ ಕಾಕುವಿನ ಮುಂದೆ ಎಲ್ಲ ಹೊರಬಿತ್ತು: ಒಡಕು ಗಡಿಗೆಯ ಸದ್ದು, ಕುಂಬಾರ ಹುಳ, ಪೈಪಿನ ‘ಢಂ’, ಮೂಗಿನ ‘ಟಣ್’, ಬೇವಿನ ಮರ. ಹೊಸ ನಳಿಗೆ ಹಾಕಿಸುವುದೋ, ಇದ್ದಂತೆಯೇ ನವೀಕರಣ ಮಾಡಿಸುವುದೋ, ಸರಕಾರಕ್ಕೆ ಒಪ್ಪಿಸುವುದೋ, ನೀನೇ ಹೇಳೆಂದು ಕಾಕಾ ಕೈಚೆಲ್ಲಿದ. ಕಾಕು ರೊಟ್ಟಿ ಮುರಿದು ಅವನ ತಾಟಿಗೆ ಹಾಕಿದಳು. ಬೇವಿನ ಮರದ ಮಾತಿಗೆ ಅವಳ ಮುಖ ತುಸು ಮೆತ್ತಗಾದದ್ದನ್ನು ನಾನು ಕಂಡೆ, ಇನ್ನು ತೊಂದರೆಯಿಲ್ಲವೆಂದು ಉಮೇದಿ ಬಂದು, ಮಿಸ್ತ್ರಿಯ ದನಿಯಲ್ಲಿ ಏನು ಮಾಡಾವ್ರದೀರಿ ಸಾವಕಾರ್ತೇರ ಎಂದು ಕೇಳಿಯೂಬಿಟ್ಟೆ. ಅವಳು ನನ್ನ ಕಡೆ ತಿರುಗದೆ ಕಾಕಾನಿಗೇ ಹೇಳಿದಳು:

“ಬಂದೂಕಕ್ಕ ಎಣ್ಣಿ ಹಚ್ಚಿ ನನ್ನ ಸೀರಿಯಿಂದ ದೂರ ಇಡ್ರಿ, ಅಷ್ಟ ರಿಪೇರಿ ಸಾಕು. ಹಂದಿಗೆ ಇವನ ಬಾಯಿ ಐತಿ. ಮುಂದಿನ ಎಲೆಕ್ಷನ್ನಿಗೆ ಇಬ್ಬರನೂ ಠಾಣೇಕ ಒಯ್ದು ಇಡ್ರಿ, ಬರುಮುಂದ ಬಂದೂಕ ಅಷ್ಟ ತರ್ರಿ.”