ಹದಿನಾಲ್ಕನೆಯದು, ಸನ್ಮಾನಿತರ ಮಾತು

ಬಹಳ ಹಿಂದೆ, ಪತ್ರಿಕೆಗಳೆಲ್ಲ ಅರಮನೆಯ ಖರ್ಚಿನಲ್ಲೇ ಅಚ್ಚಾಗುತ್ತಿದ್ದ ಕಾಲದಲ್ಲಿ, ಜಯಘೋಷಪುರವೆಂಬ ರಾಜ್ಯವಿತ್ತು. ಅದನ್ನು ಆಳುತ್ತಿದ್ದವರು ಶ್ರೀಮನ್ಮಹಾರಾಜ ಪ್ರಚಾರಮಾರ್ತಾಂಡರು. ಅವರ ಸೆರೆಮನೆ ಬಹುತೇಕ ಖಾಲಿಯಿತ್ತು. ಕಿರಿಕಿರಿ ಮಾಡುವವರಿಗೆ ಆ ರಾಜ್ಯದಲ್ಲಿ ಸನ್ಮಾನ ಮಾಡುವ ಪದ್ಧತಿ.

ಸಫೂರಾಬಾನುವಿಗೆ ಈ ಪದ್ಧತಿ ಗೊತ್ತಿರಬೇಕಿತ್ತು, ಆಕೆ ಇತಿಹಾಸಕಾರ್ತಿ. ಆದರೆ ಇನ್ನೂರು ವರ್ಷ ಹಿಂದಿನದು ಗೊತ್ತಿದ್ದಷ್ಟು ನಿನ್ನೆ ಮೊನ್ನೆಯದು ಆಕೆಗೆ ಗೊತ್ತಿರಲಿಲ್ಲ.

ಆಕೆಯ ವಿಷಯ, ಇಸ್ಲಾಮಿನಲ್ಲಿ ಹೆಣ್ಣಿನ ಹಕ್ಕುಗಳ ಚರಿತ್ರೆ. ಅದಕ್ಕೆ ಅರಮನೆಯಲ್ಲಿ ಹುದ್ದೆಯೇ ಇರಲಿಲ್ಲ. ಹೆಂಗಸರು ಕಾಜಿಯ ನ್ಯಾಯಾಲಯದಲ್ಲಿ ಹೂಡಿದ ಹಳೆಯ ದಾವೆಗಳ ದಫ್ತರಗಳೆಲ್ಲ ಕುದುರೆ ಲಾಯದ ಅಟ್ಟದಲ್ಲಿದ್ದುದರಿಂದ ಆಕೆಯನ್ನು ಅಶ್ವಗಣತಿ ಸಹಾಯಕಿಯಾಗಿ ನೇಮಿಸಿದರು. ಹನ್ನೊಂದು ವರ್ಷ ಆಕೆ ಬೆಳಗ್ಗೆ ಕುದುರೆ ಎಣಿಸಿ ಮಧ್ಯಾಹ್ನ ದಫ್ತರ ಓದಿದಳು. ಕುದುರೆಗಳು ಹೆಚ್ಚಲಿಲ್ಲ, ಹೆಂಗಸರು ಹೆಚ್ಚುತ್ತಾ ಹೋದರು. ಗಂಡ ಊರು ಬಿಟ್ಟು ಆರು ತಿಂಗಳಾದರೆ ತನಗೆ ಬಿಡುಗಡೆ ಎಂದು ನಿಕಾಹ್ ಪತ್ರದಲ್ಲೇ ಷರತ್ತು ಬರೆಸಿಕೊಂಡ ನೇಯ್ಗೆಯವಳು. ತವರಿನ ಪಾಲಿಗಾಗಿ ಅಣ್ಣನ ಮೇಲೆ ತಾನೇ ವಾದಿಸಿ ಗೆದ್ದ ಅತ್ತರು ಮಾರುವವಳು. ಇಂಥವರೆಲ್ಲ ಸೇರಿ ನಾನೂರು ಪುಟಗಳ ಪುಸ್ತಕವಾಯಿತು.

ಪುಸ್ತಕ ಹೊರಬಂದ ದಿನ, ಜನ್ಮದಲ್ಲಿ ಒಂದು ಮಾತಿಗೂ ಒಮ್ಮತವಾಗದ ಇಬ್ಬರು ಒಟ್ಟಿಗೆ ಅರಮನೆಗೆ ಓಡಿದರು.

"ಪ್ರಭೂ, ನಮ್ಮ ಹೆಂಗಸರಿಗೆ ಇಂಥ ಹಕ್ಕುಗಳು ಎಂದೂ ಇರಲಿಲ್ಲ," ಎಂದರು ಪ್ರಧಾನ ಕಾಜಿ ಸಾಹೇಬರು. "ಇದ್ದವು ಅಂದರೆ ಕಿತ್ತುಕೊಂಡವರು ಯಾರು ಅಂತ ಕೇಳ್ತಾರೆ. ದಫ್ತರದಲ್ಲಿ ನಮ್ಮ ತಾತನವರ ಮೊಹರು ಬೇರೆ ಇದೆ."

"ಎಂದೆಂದೂ ಇರಲಿಲ್ಲ ಪ್ರಭೂ," ಎಂದ ಪ್ರಗತಿ ಮಂತ್ರಿ. "ಇದ್ದವು ಅಂದರೆ ಬರುವ ತಿಂಗಳು ನಾವು ಕೊಡೋದೇನು? 'ಇತಿಹಾಸದಲ್ಲೇ ಪ್ರಥಮ ಬಾರಿಗೆ' ಅಂತ ಬ್ಯಾನರ್ ಪ್ರಿಂಟ್ ಆಗಿಹೋಗಿದೆ."

ಮಹಾರಾಜರು ಮೀಸೆ ತಿರುವಿದರು. "ಆಕೆಗೆ ಬೇಕಿರುವುದಾದರೂ ಏನು?"

ಆಕೆಗೆ ಬೇಕಿದ್ದುದು ಸಣ್ಣದು. ಕೋಟೆ ಬಾಗಿಲ ಪಕ್ಕ ಒಂದು ಓದುಮನೆಯಿತ್ತು. ಇನ್ನೂರು ವರ್ಷದ ಹಿಂದೆ ನೀಲಿಬಣ್ಣದ ವ್ಯಾಪಾರ ಮಾಡುತ್ತಿದ್ದ ಜೈನಬ್‌ಬೀ ಅದನ್ನು ಕಟ್ಟಿಸಿ, ಇಲ್ಲಿ ಹೆಂಗಸರು ಓದತಕ್ಕದ್ದು, ಆಡಳಿತ ನೋಡುವ ಮುತವಲ್ಲಿಯೂ ಹೆಂಗಸೇ ಆಗತಕ್ಕದ್ದು ಎಂದು ವಕ್ಫ್ ದಾನಪತ್ರ ಬರೆಸಿದ್ದಳು. ಈಗಿನ ಮುತವಲ್ಲಿ ಹಾಜಿರಾಬಿ. ಬೀಡಿ ಕಟ್ಟುವ ಮೂವತ್ತು ಹೆಂಗಸರು ದಿನಾ ಮಧ್ಯಾಹ್ನ ಅಲ್ಲಿ ಅಕ್ಷರ ಕಲಿಯುತ್ತಿದ್ದರು. ರಾಜ್ಯದ ಕಾನೂನಿನಂತೆ ಹನ್ನೆರಡು ವರ್ಷಕ್ಕೊಮ್ಮೆ ಹಳೆಯ ದಾನಪತ್ರಗಳನ್ನು ರಾಜಸಭೆಯಲ್ಲಿ ಎಲ್ಲರಿಗೂ ಕೇಳುವಂತೆ ಓದಬೇಕು. ಸಂಜೆಯ ನಗಾರಿ ಬಾರಿಸುವುದರೊಳಗೆ ಓದದಿದ್ದರೆ ಪತ್ರ ಸತ್ತಂತೆ, ಆಸ್ತಿ ಅರಮನೆಗೆ. ಕಳೆದ ಸಲ ಓದಿದ್ದ ಹಾಜಿರಾಬಿಯ ಅತ್ತೆ ತೀರಿಕೊಂಡಿದ್ದಳು. ಜೈನಬ್‌ಬೀಯ ಪತ್ರದ ಹಳೆಯ ಮುರುಕು ಲಿಪಿಯನ್ನು ಓದಬಲ್ಲವಳು ಸಫೂರಾಬಾನು ಒಬ್ಬಳೇ. ವಾಚನದ ದಿನ ಬರುವ ಗುರುವಾರವೇ ಇತ್ತು. ಅಂದು ಆ ಪತ್ರ ಓದಲು ಆಕೆಗೆ ಅವಕಾಶ ಬೇಕಿತ್ತು, ಅಷ್ಟೇ.

"ತಡೆದರೆ ಸುದ್ದಿಯಾಗುತ್ತದೆ," ಎಂದರು ಮಹಾರಾಜರು. "ಸನ್ಮಾನ ಮಾಡಿ. ಅದೇ ಗುರುವಾರ, ಅದೇ ಸಭೆಯಲ್ಲಿ."

ಆಹ್ವಾನ ಪತ್ರಿಕೆ ಓದುಮನೆಗೇ ಬಂತು. ಹಾಜಿರಾಬಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಆಪಾ, ನಂಗ್ಯಾಕೋ ಇದು ಸರಿ ಕಾಣ್ತಿಲ್ಲ. ಹಾರ ಗೀರ ಆಮೇಲೆ ಹಾಕಿಸ್ಕೊಳ್ಳಿ. ಹೋದ ತಕ್ಷಣ ಎದ್ದು ಓದ್ಬಿಡಿ."

"ಸಭೆಗೆ ಒಂದು ಮರ್ಯಾದೆ ಬೇಡವೇನಮ್ಮಾ? ನೋಡಿಲ್ಲಿ. ಹದಿನಾಲ್ಕನೆಯದು, ಸನ್ಮಾನಿತರ ಮಾತು. ನಾಲ್ಕು ಗಂಟೆಗೆ. ನಗಾರಿ ಬಾರಿಸೋದು ಆರಕ್ಕೆ. ಅರಮನೆಯ ಮೊಹರೂ ಇದೆ."

"ಮೊಹರು ಜೈನಬ್‌ಬೀ ಕಾಗದದಾಗೂ ಐತಲ್ಲ ಆಪಾ."

ಸಫೂರಾಬಾನು ನಕ್ಕುಬಿಟ್ಟಳು. ಕಾಗದದ ಮೇಲಿನ ಹಕ್ಕು ಹೇಗೆಲ್ಲ ಕೈತಪ್ಪುತ್ತದೆಂದು ನಾನೂರು ಪುಟ ಬರೆದವಳು ಅಚ್ಚಾದ ಕಾರ್ಯಕ್ರಮ ಪಟ್ಟಿಯನ್ನು ನಂಬಿದಳು.

ಗುರುವಾರ ಆಕೆಯನ್ನು ವೇದಿಕೆಯ ನಡುವಿನ ಕುರ್ಚಿಯಲ್ಲಿ ಕೂರಿಸಿದರು. ಸೆರಗಿನ ಮೇಲೆ ಜರಿಪೇಟ ಇಟ್ಟರು. ಅದು ಹುಬ್ಬಿನವರೆಗೆ ಜಾರಿತು. ಶಾಲು ಬಂತು, ಗಂಧದ ಹಾರ ಬಂತು, ತೊಡೆಯ ಮೇಲೆ ಹಣ್ಣಿನ ಬುಟ್ಟಿ ಬಂತು. ದಾನಪತ್ರವಿದ್ದ ಚೀಲ ಕುರ್ಚಿಯಡಿ ಸೇರಿತು. ಸ್ವಾಗತ ಭಾಷಣಕಾರರು ಸ್ವಾಗತ ಎಂದರೇನು ಎಂಬುದನ್ನು ಮುಕ್ಕಾಲು ಗಂಟೆ ವಿವರಿಸಿದರು. ಪರಿಚಯ ಭಾಷಣದಲ್ಲಿ ಆಕೆ ಎಣಿಸಿದ ಕುದುರೆಗಳ ಪ್ರಸ್ತಾಪ ವರ್ಷವಾರು ಬಂತು. ಪ್ರಗತಿ ಮಂತ್ರಿ ಆಕೆಯನ್ನು ಸಬಲೀಕರಣದ ಬ್ರ್ಯಾಂಡ್ ಅಂಬಾಸಡರ್ ಎಂದು ಘೋಷಿಸಿದ. ಕಾಜಿ ಸಾಹೇಬರು, ಇಂಥ ವಿದುಷಿ ಪ್ರತಿ ಮನೆಯಲ್ಲೂ ಇರಬೇಕು ಎಂದರು. ಮನೆಯಲ್ಲಿ ಎಂಬುದನ್ನು ಒತ್ತಿ ಎರಡು ಸಲ ಹೇಳಿದರು.

ಐದೂಕಾಲಾಯಿತು. ಪಟ್ಟಿ ಇನ್ನೂ ಒಂಬತ್ತರಲ್ಲಿತ್ತು.

ಸಫೂರಾಬಾನು ಚೀಟಿ ಬರೆದು ನಿರೂಪಕನಿಗೆ ದಾಟಿಸಿದಳು. 'ದಯವಿಟ್ಟು ನನಗೆ ಎರಡು ನಿಮಿಷ ಕೊಡಿ.' ಅವನು ಓದಿಕೊಂಡು ಮೈಕಿನಲ್ಲಿ ಘೋಷಿಸಿದ: "ಮಾನ್ಯರೇ, ಸನ್ಮಾನಿತರು ಭಾವುಕರಾಗಿದ್ದಾರೆ!" ಭಾರೀ ಚಪ್ಪಾಳೆ.

ಆರಕ್ಕೆ ಹತ್ತು ನಿಮಿಷವಿದ್ದಾಗ ಆಕೆ ತಡೆಯಲಾರದೆ ಬುಟ್ಟಿ ಕೆಳಗಿಟ್ಟು, ಪತ್ರ ತೆಗೆದು ಎದ್ದು ನಿಂತಳು. ಸನ್ಮಾನಿತರು ಎದ್ದರೆಂದು ಸಭೆಯೂ ಎದ್ದಿತು. ವಾದ್ಯದವರು ಊದತೊಡಗಿದರು. ಆಕೆ ಗಂಟಲು ಹರಿಯುವಂತೆ ಓದಿದಳು. ಬಾಯಿ ಆಡುವುದು ಕಂಡು ಜನ ಇನ್ನಷ್ಟು ಜೋರಾಗಿ ತಟ್ಟಿದರು. ಕೊನೆಯ ಸಾಲಿನಲ್ಲಿ ಹಾಜಿರಾಬಿ ಮಾತ್ರ "ಸುಮ್ಕಿರ್ರೀ, ಕೇಳ್ರೀ!" ಎಂದು ಕೂಗುತ್ತಿದ್ದಳು. ಅವಳೂ ಅಭಿಮಾನಿಯೆಂದು ಪಕ್ಕದವರು ತಿಳಿದರು.

ನಗಾರಿ ಮೊಳಗಿತು. ಸಭೆಯ ಕರಣಿಕ ಬರೆದುಕೊಂಡ: 'ಓದುಮನೆಯ ಪತ್ರ. ವಾಚನ ಯಾರಿಗೂ ಕೇಳಿಸಲಿಲ್ಲ. ಚಪ್ಪಾಳೆ ಕೇಳಿಸಿತು.'

ಮುಂದಿನ ತಿಂಗಳು ಮಹಾರಾಜರಿಗೆ 'ಸ್ತ್ರೀಹಕ್ಕು ಚಕ್ರವರ್ತಿ' ಎಂಬ ಬಿರುದಿನೊಂದಿಗೆ ಹೊಸ ಕಿರೀಟ ತೊಡಿಸಲಾಯಿತು. ಓದುಮನೆ 'ವಿದುಷಿ ಸಫೂರಾಬಾನು ಮಹಿಳಾ ಹಕ್ಕುಗಳ ವಸ್ತುಸಂಗ್ರಹಾಲಯ'ವಾಯಿತು. ಕಾಜಿ ಸಾಹೇಬರು ಅಧ್ಯಕ್ಷರು, ಪ್ರಗತಿ ಮಂತ್ರಿ ಕಾರ್ಯದರ್ಶಿ. ಜೈನಬ್‌ಬೀಯ ಪತ್ರವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಟಿಕೆಟ್ಟಿಗೆ ಬೀಡಿ ಕಟ್ಟುವವಳ ಒಂದು ದಿನದ ಕೂಲಿ. ಸಫೂರಾಬಾನುವಿಗೆ ಪ್ರವೇಶ ಉಚಿತ, ಪೇಟ ಧರಿಸಿ ಬಂದರೆ.

ಆಕೆ ಪೇಟ ಧರಿಸಲಿಲ್ಲ. ಒಂದು ಮಧ್ಯಾಹ್ನ ಹಾಜಿರಾಬಿ ಮತ್ತು ಆ ಮೂವತ್ತು ಹೆಂಗಸರ ಜೊತೆ ಸಾಲಿನಲ್ಲಿ ನಿಂತು, ಟಿಕೆಟ್ ಕೊಂಡು ಒಳಗೆ ಹೋದಳು. ಗಾಜಿನ ಮುಂದೆ ನಿಂತು, ಆ ದಿನ ಕೇಳಿಸದ ಮೊದಲ ಸಾಲಿನಿಂದ ಓದತೊಡಗಿದಳು.

ಕಾವಲುಗಾರ ಓಡಿಬಂದ. "ಇಲ್ಲಿ ಗಟ್ಟಿಯಾಗಿ ಓದ್ಬಾರ್ದು ಕಣಮ್ಮಾ! ಅಷ್ಟು ದೊಡ್ಡ ಬೋರ್ಡ್ ಹಾಕೈತೆ. ನಿಮಗ್ಯಾರ್ಗೂ ಓದಾಕೆ ಬರಲ್ವಾ?"

"ಬರ್ತೈತಪ್ಪಾ," ಎಂದಳು ಹಾಜಿರಾಬಿ. "ಇಲ್ಲೇ ಕಲ್ತಿದ್ದು."