ಐವತ್ತು ಕಿಲೋ ಅಪಾಯ

ಢಬ್.

ಬಚ್ಚಲುಮನೆಯ ತಗಡಿನ ಸೂರಿನ ಮೇಲೆ ಎದ್ದ ಆ ಸದ್ದಿಗೆ ಬೋರಲಿಂಗಯ್ಯನವರು ತಲೆಗೆ ಸೋಪು ಹಚ್ಚಿಕೊಂಡ ಭಂಗಿಯಲ್ಲೇ ಕಲ್ಲಾದರು. ಬಿದ್ದದ್ದು ಪಕ್ಕದ ಮನೆ ರೋಶನ್ ಬೀಯವರ ಮರದ ತೆಂಗಿನಕಾಯಿ. ಅದು ತಗಡಿನ ಮೇಲೆ ಎರಡು ಸಲ ಪುಟಿದು, ಗಡಗಡನೆ ಉರುಳಿ, ಹಿತ್ತಲಲ್ಲಿಟ್ಟಿದ್ದ ಖಾಲಿ ಬಕೆಟ್ಟಿನೊಳಗೆ ಹೋಗಿ ಕೂತಿತು. ಸ್ವಲ್ಪ ಹೊತ್ತಿಗೆ ಬೋರಲಿಂಗಯ್ಯನವರು ಟವೆಲು ಸುತ್ತಿಕೊಂಡು, ಒಂದು ಕಿವಿಯ ತುಂಬ ನೊರೆ ಇಟ್ಟುಕೊಂಡು ಹೊರಬಂದರು. ಕಾಯನ್ನು ಎರಡೂ ಅಂಗೈ ಮೇಲೆ ಇರಿಸಿ, ಕಣ್ಣು ಮುಚ್ಚಿ, ಮೆಲ್ಲಗೆ ಮೇಲೆ ಕೆಳಗೆ ಆಡಿಸಿದರು.

"ಒಂದು ಕೆಜಿ ಇನ್ನೂರು," ಎಂದರು.

ಹಾಗೇ ಒದ್ದೆಗಾಲಲ್ಲಿ ಅಡುಗೆಮನೆಗೆ ನಡೆದು, ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆದಿದ್ದ ಉದ್ದನೆಯ ಪಟ್ಟಿಯ ಕೊನೆಗೆ ಅದನ್ನೂ ಸೇರಿಸಿ, ಕೂಡಿ, ಕೆಳಗೆ ಎರಡು ಗೆರೆ ಎಳೆದರು.

"ಐವತ್ತು ದಾಟ್ತು ಕಣಮ್ಮಿ. ಗಂಟು ಕಟ್ಟು."

ಒಲೆಯ ಮುಂದಿದ್ದ ಅವರ ಹೆಂಡತಿ ಮಾಯಮ್ಮ ಮುದ್ದೆ ತಿರುವುತ್ತಿದ್ದ ಕೋಲನ್ನು ನಿಲ್ಲಿಸಲಿಲ್ಲ. (ಮುದ್ದೆ ಕೋಲನ್ನು ನಡುವೆ ನಿಲ್ಲಿಸಿದರೆ ಹಿಟ್ಟು ಗಂಟಾಗುತ್ತದೆ. ಗಂಡನ ಮಾತಿಗೆ ನಿಲ್ಲಿಸದಿದ್ದರೆ ಏನೂ ಆಗುವುದಿಲ್ಲ ಎಂಬುದು ಆಕೆಯ ಮೂವತ್ತಾರು ವರ್ಷಗಳ ಅನುಭವ.)

ಬೋರಲಿಂಗಯ್ಯನವರು ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಮೂವತ್ತೊಂದು ವರ್ಷ ರೇಷ್ಮೆಗೂಡು ತೂಗಿದವರು. ಕ್ರೇಟು ತಕ್ಕಡಿಯ ಮೇಲೆ ಬರುವ ಮೊದಲೇ, ಅದನ್ನು ಎತ್ತುವ ರೈತನ ಸೊಂಟ ಬಾಗುವ ರೀತಿ ನೋಡಿ ತೂಕ ಹೇಳಿಬಿಡುತ್ತಿದ್ದರು. ಅದೂ ಖಾಲಿ ಕ್ರೇಟಿನ ತೂಕ ಕಳೆದು. ನಿವೃತ್ತಿಯ ದಿನ ಕೊರಳಿಗೆ ಬಿದ್ದ ಹಾರ ಮುನ್ನೂರೈವತ್ತು ಗ್ರಾಂ ಇದೆಯೆಂದು ಅದನ್ನು ಹಾಕಿದವರ ಕಿವಿಯಲ್ಲೇ ಹೇಳಿದ್ದರು. ಮನೆಗೆ ಬಂದ ಮೇಲೆ ತೂಗಲು ಏನೂ ಇಲ್ಲದೆ ಕೈ ಚಡಪಡಿಸತೊಡಗಿತು. ಮೊದಲ ತಿಂಗಳು ಸೊಪ್ಪಿನ ಕಟ್ಟುಗಳನ್ನು ತೂಗಿದರು. ಎರಡನೆಯ ತಿಂಗಳಿಂದ ಸೊಪ್ಪು ಮಾರುವವಳು ಆ ಬೀದಿಗೆ ಬರುವುದನ್ನೇ ಬಿಟ್ಟಳು. ಆಮೇಲೆ ಅವರ ಕಣ್ಣು ಅಪಾಯಗಳ ಮೇಲೆ ಬಿತ್ತು.

ಅಪಾಯಕ್ಕೂ ತೂಕವಿದೆ ಎಂಬುದು ಅವರು ಕಂಡುಕೊಂಡ ಮಹಾಸಿದ್ಧಾಂತ. ಹಾಲಿನ ಬೂತಿನ ಹತ್ತಿರದ ನಾಯಿಗಳು ಮೂರು ಕೆಜಿ ನಾನೂರು (ಕಂದುಬಣ್ಣದ್ದೇ ಎರಡು ಕೆಜಿ). ಚರಂಡಿಯ ಚಪ್ಪಡಿ ಇಲ್ಲದ ಜಾಗ ಎರಡೂವರೆ. ಹಳೇ ಹೆದ್ದಾರಿ ದಾಟುವುದು ಐದು. ಆಚೆ ಹೋದವರು ಈಚೆಗೂ ಬರಬೇಕಾದ್ದರಿಂದ ಹತ್ತು. ಬೆಟ್ಟದ ಮೇಲಿನ ಬಂಡೆ ಉರುಳುವುದಕ್ಕೆ ನೂರು ಗ್ರಾಂ ಮಾತ್ರ. ಇಷ್ಟು ಕಾಲ ಉರುಳದೆ ನಿಂತಿದ್ದಕ್ಕೆ ಅದಕ್ಕೊಂದು ರಿಯಾಯಿತಿ. ಒಂಟಿ ಅಪಾಯಗಳಲ್ಲೆಲ್ಲ ಭಾರವಾದದ್ದು ಸೊಳ್ಳೆ. ಡೆಂಗಿ ಹಿಡಿದು ಹನ್ನೊಂದು ದಿನ ಮಲಗೆದ್ದವರಾದ್ದರಿಂದ ಆ ಎರಡು ಮಿಲಿಗ್ರಾಂ ಜೀವಕ್ಕೆ ಅವರು ಆರೂವರೆ ಕೆಜಿ ಹಾಕಿದ್ದರು. ಎಲ್ಲ ಸೇರಿ ಐವತ್ತು ದಾಟಿದ ದಿನ ಪೇಟೆ ಬಿಡುವುದು ಎಂದು ತೀರ್ಮಾನವಾಗಿತ್ತು. ಐವತ್ತೇ ಯಾಕೆ ಎಂದು ಮಾಯಮ್ಮ ಒಮ್ಮೆ ಕೇಳಿದ್ದರು. ತಮ್ಮ ತಕ್ಕಡಿ ಐವತ್ತರ ಮೇಲೆ ಹೊರಲಾರದೆ ಕಿರುಚುತ್ತಿತ್ತು ಎಂದು ಬೋರಲಿಂಗಯ್ಯನವರು ಉತ್ತರಿಸಿದ್ದರು. ತಕ್ಕಡಿಯೇ ಹೊರದಿದ್ದನ್ನು ಮನುಷ್ಯ ಹೇಗೆ ಹೊರುವುದು?

ಹೋಗುವುದು ಎಲ್ಲಿಗೆ ಎಂಬುದೂ ನಿಶ್ಚಯವಾಗಿತ್ತು. ಕೂಟಗಲ್‌ಗೆ. ಅದು ಮಾಯಮ್ಮನ ತವರು. ಅಲ್ಲಿ ಆಕೆಯ ತಮ್ಮ ದೇವರಾಜು ರೇಷ್ಮೆ ಬೆಳೆಯುತ್ತಿದ್ದ.

ವಿಚಿತ್ರವೆಂದರೆ ತವರಿಗೆ ಹೋಗಲು ಮಾಯಮ್ಮನಿಗೇ ಮನಸ್ಸಿರಲಿಲ್ಲ. ಮದುವೆಗೆ ಮುಂಚೆ ಹುಳುವಿಗೆ ಸೊಪ್ಪು ಕೊಯ್ದು ಕೊಯ್ದು ಸಾಕಾಗಿಯೇ ಪೇಟೆಯ ಗಂಡನ್ನು ಒಪ್ಪಿದ್ದು ಎಂದು ಆಕೆ ಆ ದಿನ ಮುದ್ದೆಯ ಜೊತೆಗೇ ಬಡಿಸಿದರು.

"ಅಲ್ಲ ಕಣಿ, ಒಂದು ಕಾಯಿ ಬಿತ್ತು ಅಂತ ಊರು ಬುಡ್ತೀರಲ್ಲ, ನಮ್ಮಪ್ಪ ನೆಟ್ಟಿರೋ ಏಳು ತೆಂಗಿನಮರ ಕೂಟಗಲ್ಲಲ್ಲಿ ಏನ್ ಬುಡ್ತವೆ? ಹತ್ತೀನಾ?"

ಆ ಮರಗಳು ಬಚ್ಚಲಿನ ಮೇಲಿಲ್ಲ, ದಾರಿಯ ಮೇಲಿವೆ, ದಾರಿಯನ್ನು ಬಳಸಿಕೊಂಡು ಹೋಗಬಹುದು, ಬಚ್ಚಲನ್ನು ಬಳಸಿಕೊಂಡು ಹೋಗಲಾಗುವುದಿಲ್ಲ ಎಂದು ಬೋರಲಿಂಗಯ್ಯನವರು ವಾದಿಸಿ ಗೆದ್ದರು. ಗೆದ್ದ ಮೇಲೆ ದಿನ ಗೊತ್ತುಮಾಡುವ ಕೆಲಸ ಬಂತು. ಆಷಾಢದಲ್ಲಿ ಮನೆ ಬದಲಿಸುವಂತಿಲ್ಲ. ಮಂಗಳವಾರ ಬೇಡ. ಶನಿವಾರ ಭಾನುವಾರ ಬೆಂಗಳೂರಿನ ಕಾರುಗಳು ದಾರಿಯನ್ನು ತಮ್ಮದು ಮಾಡಿಕೊಳ್ಳುತ್ತವೆ. ಕೊನೆಗೆ ಶ್ರಾವಣದ ಒಂದು ಬುಧವಾರ, ಶಾಲೆಯ ಬಸ್ಸುಗಳು ಒಳಗೆ ಸೇರಿ ಊಟ ತಲುಪಿಸುವ ಬೈಕುಗಳು ಇನ್ನೂ ಹೊರಬೀಳದ ಹನ್ನೊಂದು ನಲವತ್ತಕ್ಕೆ, ಮನೆಗೆ ಬೀಗ ಬಿತ್ತು. ಬೀಗದ ಕೈ ರೋಶನ್ ಬೀಯವರಿಗೆ ಕೊಟ್ಟದ್ದಾಯಿತು. ಅವರು ಅದನ್ನು ಸೆರಗಿಗೆ ಗಂಟು ಹಾಕಿಕೊಳ್ಳುತ್ತಾ, "ಒಂದ್ ವಾರಕ್ಕೆ ಒಗ್ಗರಣೆ ಡಬ್ಬಿ ಬಿಟ್ಟೋಗಿ ಭಾಬಿ, ಅಣ್ಣ ವಾಪಸ್ ಬಂದ್ರೆ ಬೇಕಾಗ್ತದೆ," ಎಂದರು. ಬೋರಲಿಂಗಯ್ಯನವರು ಅದನ್ನು ಕೇಳಿಸಿಕೊಳ್ಳದಷ್ಟು ದೃಢಮನಸ್ಕರಾಗಿದ್ದರು.

ಲಗೇಜು ಆಟೋದಲ್ಲಿ ಎಲ್ಲವೂ ಎರಡು ಗಂಟಿನಲ್ಲಿ ಮುಗಿಯಿತು. ಮೂರನೆಯ ಚೀಲವೊಂದು ಮಾತ್ರ ಬೋರಲಿಂಗಯ್ಯನವರ ತೊಡೆಯ ಮೇಲೆಯೇ ಕೂತಿತ್ತು. ಅದರಲ್ಲಿ ಹನ್ನೆರಡು ಪೆಟ್ಟಿಗೆ ಸೊಳ್ಳೆಬತ್ತಿಗಳಿದ್ದವು.

ದೇವರಾಜು ಸಂಭ್ರಮದಿಂದಲೇ ಬರಮಾಡಿಕೊಂಡ. ಮುಂದಿನ ಕೋಣೆ ಬಿಡಿಸಿ ಸಾರಿಸಿದ್ದ. ಮನೆಯ ಪಕ್ಕದಲ್ಲೇ ಹುಳುಮನೆ. ಹುಳು ನಾಲ್ಕನೇ ಜ್ವರ ಎದ್ದು, ಅಂದರೆ ನಾಲ್ಕನೆಯ ಸಲ ಪೊರೆ ಕಳಚಿ, ಈಗ ಹಗಲಿರುಳು ಸೊಪ್ಪು ತಿನ್ನುವ ಹಂತಕ್ಕೆ ಬಂದಿತ್ತು. ಹಿಂದಿನ ಎರಡು ಬೆಳೆ ಕೈಕೊಟ್ಟಿದ್ದರಿಂದ ದೇವರಾಜು ಮತ್ತು ಅವನ ಹೆಂಡತಿ ಭಾನುಪ್ರಿಯ ಇದರ ಮೇಲೆ ಜೀವವನ್ನೇ ಇಟ್ಟಿದ್ದರು.

"ಈ ಬೆಳೆ ಒಂದು ಕೈ ಹಿಡಿದ್ರೆ ಭಾವ, ಮುಂದ್ಗಡೆ ಇನ್ನೊಂದು ರೂಮ್ ಎತ್ತುಸ್ತೀನಿ. ನಿಮ್ಗೂ ಅಕ್ಕಂಗೂ ಅಂತ್ಲೇ. ಇರೋಗಂಟ ಇರಿ," ಎಂದ ದೇವರಾಜು.

ಇದನ್ನು ಕೇಳಿ ಬೋರಲಿಂಗಯ್ಯನವರ ಕಣ್ಣು ತುಂಬಿತು. ಅಪಾಯವಿಲ್ಲದ ಊರಲ್ಲಿ ಸ್ವಂತದ್ದೊಂದು ಕೋಣೆ. ಅವರ ಉಳಿದ ಆಯುಷ್ಯಕ್ಕೆ ಬೇಕಾದದ್ದು ಅಷ್ಟೇ. ದೇವರಾಜು ಇನ್ನೂ ಏನೇನೋ ಹೇಳುತ್ತಿದ್ದ. ಹುಳುಮನೆಗೆ ಹೋಗುವ ಮುಂಚೆ ಬ್ಲೀಚಿಂಗ್ ನೀರಲ್ಲಿ ಕಾಲು ತೊಳೆಯಬೇಕು ಎಂದ. ಅದು ಕೇಳಿಸಿತು. ಹೊಗೆ, ಘಾಟು ಯಾವುದೂ ಹತ್ತಿರ ಸುಳಿಯಬಾರದು ಎಂದ. ಅದು ಕೇಳಿಸಲಿಲ್ಲ. ಆ ಹೊತ್ತಿಗೆ ಬೋರಲಿಂಗಯ್ಯನವರು ಬೇಲಿಗೆ ಸಿಕ್ಕಿಕೊಂಡಿದ್ದ ಹಾವಿನ ಪೊರೆಯನ್ನು ಕಣ್ಣಲ್ಲೇ ತೂಗುತ್ತಿದ್ದರು. ಪೊರೆ ಐದು ಗ್ರಾಂ. ಪೊರೆ ಬಿಟ್ಟುಹೋದವನು?

ಮಾರನೆಯ ದಿನದಿಂದ ಮುಂದಿನ ಕೋಣೆಯ ಬಾಗಿಲ ಹಿಂದೆ ಸೀಮೆಸುಣ್ಣ ಓಡಾಡತೊಡಗಿತು. ಹಾವು, ನಾಲ್ಕು. ಕಟ್ಟೆಯಿಲ್ಲದ ಬಾವಿ, ಐದು. ಒಂದೇ ಕೊಂಬಿನ ಹಸು, ಎರಡೂವರೆ (ಎರಡು ಕೊಂಬಿದ್ದರೆ ಎರಡೇ, ಇದು ಯಾವ ಕಡೆಯಿಂದ ಹಾಯುತ್ತದೋ ತಿಳಿಯುವುದಿಲ್ಲ). ಹಿತ್ತಲ ಹಿಂದೆಯೇ ಆನೆ ಗಾತ್ರದ ಬಂಡೆ. ಇದಕ್ಕೆ ರಿಯಾಯಿತಿ ಕೊಡಲು ಧೈರ್ಯ ಬರಲಿಲ್ಲ. ಹೋದ ವಾರ ಗುಡ್ಡದ ಹತ್ತಿರ ಚಿರತೆ ಕಂಡಿತ್ತಂತೆ. ಅದನ್ನು ದೇವರಾಜು, ಬೆಳಿಗ್ಗೆ ಬಸ್ಸು ಹತ್ತು ನಿಮಿಷ ಲೇಟು ಎನ್ನುವ ದನಿಯಲ್ಲಿ ಹೇಳಿದ್ದ. ಏಳು ತೆಂಗಿನಮರಗಳ ಬುಡವನ್ನು ತಪ್ಪಿಸಲು ಬೋರಲಿಂಗಯ್ಯನವರು ಗದ್ದೆಯ ಬದು ಸುತ್ತಿ ಬಸ್ ಸ್ಟಾಪಿಗೆ ಹೋಗುತ್ತಿದ್ದರು. ಎರಡನೆಯ ಸಂಜೆಗೆ ಪಟ್ಟಿ ನಲವತ್ತಮೂರು ಕೆಜಿಗೆ ಬಂದು ನಿಂತಿತ್ತು.

ಇತ್ತ ಮಾಯಮ್ಮ ಸೆರಗು ಬಿಗಿದು ಹಿಪ್ಪುನೇರಳೆ ತೋಟಕ್ಕೆ ಇಳಿದವರು ಇಳಿದವರೇ. ಬೇಡವೆಂದು ಬಿಟ್ಟುಹೋಗಿದ್ದ ಕೆಲಸ ಕೈಗೆ ಹಾಗೇ ನೆನಪಿತ್ತು. ಕುಡುಗೋಲು ಹಿಡಿದ ಕೈ ಚಕಚಕ ಆಡುತ್ತಿದ್ದರೆ ಬಾಯಿ ಭಾನುಪ್ರಿಯಳ ಜೊತೆ ಊರಿನ ಮೂವತ್ತಾರು ವರ್ಷದ ಸುದ್ದಿಯನ್ನು ಕೊಯ್ದು ಕಟ್ಟು ಕಟ್ಟುತ್ತಿತ್ತು. ಮೊದಲ ದಿನ ಗೊಣಗಿದರು, ಎರಡನೆಯ ದಿನ ಮರೆತರು, ಮೂರನೆಯ ದಿನ ಗಂಡನಿಗೆ ಕಾಫಿ ಕೊಡುವುದನ್ನೂ ಮರೆತರು.

ಆ ಮೂರನೆಯ ದಿನದ ಮಧ್ಯಾಹ್ನ ಎಲ್ಲರೂ ಸೊಪ್ಪಿಗೆ ಹೋದಾಗ ಬೋರಲಿಂಗಯ್ಯನವರು ಒಬ್ಬರೇ ಮನೆ ಕಾಯುತ್ತ, ಮಲಗಲು ಭಯವಿಲ್ಲದ ಒಂದು ಜಾಗ ಹುಡುಕುತ್ತಿದ್ದರು. ಆಗ ಹುಳುಮನೆ ಕಣ್ಣಿಗೆ ಬಿತ್ತು. ಕಿಟಕಿ ಬಾಗಿಲಿಗೆಲ್ಲ, ಹುಳುವನ್ನು ಕೊಲ್ಲುವ ಊಜಿ ನೊಣ ಬರದಂತೆ ಬಿಗಿದ ಬಲೆ. ಹೊಸ್ತಿಲಲ್ಲಿ ಬ್ಲೀಚಿಂಗ್ ನೀರು. ಒಳಗೆ ಸುಣ್ಣ ಬಳಿದ ಗೋಡೆ, ತಂಪು, ಒಂದು ಇರುವೆಯೂ ಇಲ್ಲ. ಹಾವಿಲ್ಲ, ಹಸುವಿಲ್ಲ, ಮೇಲೆ ಮರವಿಲ್ಲ. ಮನಸ್ಸಿನಲ್ಲೇ ಕೂಡಿದರು. ಸೊನ್ನೆ ಬಂತು. ಅರವತ್ತು ವರ್ಷದ ಬದುಕಿನಲ್ಲಿ ಅವರ ತಕ್ಕಡಿ ಮೊದಲ ಸಲ ಸೊನ್ನೆ ತೋರಿಸಿತ್ತು. ಲಕ್ಷ ಹುಳುವಿಗೆ ಇಷ್ಟು ಭದ್ರತೆ ಮಾಡಿದ ಭಾವಮೈದ ಹಿರಿಯ ಭಾವನನ್ನು ಚಿರತೆಯ ದಾರಿಯಲ್ಲಿ ಮಲಗಿಸಿದ್ದಾನಲ್ಲ ಎಂದು ಕೊಂಚ ಬೇಜಾರೂ ಆಯಿತು.

ನಿಯಮದಂತೆ ಕಾಲು ತೊಳೆದು, ಚಾಪೆ ದಿಂಬಿನ ಸಮೇತ ಒಳಗೆ ಹೋಗಿ, ಹುಳುತಟ್ಟೆ ಜೋಡಿಸಿದ ಎರಡು ಸ್ಟ್ಯಾಂಡುಗಳ ನಡುವೆ ಮಲಗಿದರು. ಮೇಲೆ ಕೆಳಗೆ ಅಕ್ಕಪಕ್ಕ ಹುಳುಗಳು ಸೊಪ್ಪು ಮೇಯುತ್ತಿದ್ದವು. ಒಣಗಿದ ಎಲೆಗಳ ಮೇಲೆ ತುಂತುರು ಮಳೆ ಬಿದ್ದಂಥ ಸದ್ದು. ಮೂವತ್ತೊಂದು ವರ್ಷ ಗೂಡು ತೂಗಿದ್ದರೂ ಅದನ್ನು ಕಟ್ಟುವ ಜೀವದ ಸದ್ದನ್ನು ಅವರು ಕೇಳಿರಲೇ ಇಲ್ಲ. ಇಷ್ಟು ಮೆತ್ತಗೆ ತಿಂದು ಇಷ್ಟು ಭಾರದ ಗೂಡು ಕಟ್ಟುತ್ತವಲ್ಲ ಎಂದುಕೊಂಡರು. ಎದೆ ಹಗುರಾಯಿತು. ಕಣ್ಣು ಎಳೆಯಿತು.

ಆಗ ಕಿವಿಯ ಹತ್ತಿರ ಗುಂಯ್ ಎಂದಿತು.

ಒಂದೇ ಒಂದು ಸೊಳ್ಳೆ. ಅವರ ಜೊತೆಯಲ್ಲೇ, ಪ್ರಾಯಶಃ ಕಾಲು ತೊಳೆಯದೆ, ಒಳಗೆ ಬಂದಿತ್ತು. ಸೊನ್ನೆಯಾಗಿದ್ದ ತಕ್ಕಡಿ ಆರೂವರೆಗೆ ಏರಿತು. ಬೋರಲಿಂಗಯ್ಯನವರು ದೃಢಮನಸ್ಸಿನಿಂದ ಎದ್ದು, ಚೀಲದಿಂದ ಒಂದು ಬತ್ತಿ ತಂದು, ತಗಡಿನ ಕಾಲಿಗೆ ಸಿಕ್ಕಿಸಿ, ಕಡ್ಡಿ ಗೀರಿದರು.

ತೋಟದಿಂದ ಸೊಪ್ಪಿನ ಹೊರೆ ಹೊತ್ತು ಬರುತ್ತಿದ್ದ ಭಾನುಪ್ರಿಯಳ ಮೂಗಿಗೆ ಆ ಘಾಟು ಅಂಗಳದಲ್ಲೇ ಬಡಿಯಿತು. ಹೊರೆ ಅಲ್ಲೇ ಬಿತ್ತು. ಮುಂದಿನದೆಲ್ಲ ಬೋರಲಿಂಗಯ್ಯನವರಿಗೆ ತುಂಡುತುಂಡಾಗಿ ಮಾತ್ರ ನೆನಪಿದೆ. ಬತ್ತಿ ಬ್ಲೀಚಿಂಗ್ ನೀರಿಗೆ ಬಿದ್ದು ಚುಂಯ್ ಎಂದದ್ದು. ಚಾಪೆ ಹೊರಗೆ ಹಾರಿದ್ದು. ಓಡಿಬಂದ ದೇವರಾಜು ಬಲೆಯ ಕಿಟಕಿಗಳನ್ನೆಲ್ಲ ತೆರೆದು ಟವೆಲಿನಿಂದ ಗಾಳಿ ಹೊಡೆಯತೊಡಗಿದ್ದು.

"ಮೂವತ್ತ್ ವರ್ಷ ಗೂಡಿನ್ ಮಾರ್ಕೆಟ್ಟಲ್ಲಿದ್ರಲ್ಲಣ್ಣ," ಎಂದಳು ಭಾನುಪ್ರಿಯ. "ಹೊಗೆ ತಾಗುದ್ರೆ ಹುಳ ಸಾಯ್ತವೆ ಅಂತ ಒಬ್ರೂ ಹೇಳ್ನಿಲ್ವಾ?"

ಹೇಳಿದ್ದರು. ಸಾವಿರ ಜನ ರೈತರು ಸಾವಿರ ಸಲ ತಕ್ಕಡಿಯ ಮುಂದೆ ನಿಂತು ಹೇಳಿಕೊಂಡಿದ್ದರು. ಆಗ ಬೋರಲಿಂಗಯ್ಯನವರು ಕ್ರೇಟಿನ ತೂಕ ಕಳೆಯುತ್ತಿದ್ದರು.

"ಗೂಡಿಗೆ ಸೊಳ್ಳೆ ಕಚ್ಚಕ್ಕಿಲ್ವಲ್ಲಮ್ಮ," ಎಂದಷ್ಟೇ ಅವರ ಬಾಯಲ್ಲಿ ಬಂತು.

ಹುಳುಗಳು ತಲೆ ಎತ್ತಿ ಅಲ್ಲಾಡದೆ ನಿಂತಿದ್ದವು. ಮಳೆ ನಿಂತುಹೋಗಿತ್ತು. ದೇವರಾಜು ಹೊಸ ಸೊಪ್ಪು ಹಾಸಿದ. ಹಿಂದೆಯೇ ಬಂದ ಮಾಯಮ್ಮನೂ ಸೇರಿ ನಾಲ್ವರೂ ಬಾಗಿಲಲ್ಲಿ ಕಿವಿಗೊಟ್ಟು ನಿಂತರು. ಬೋರಲಿಂಗಯ್ಯನವರಿಗೆ ತಮಗಾಗಿ ಎತ್ತಿಸಬೇಕಿದ್ದ ಕೋಣೆ ನೆನಪಾಯಿತು. ಆಮೇಲೆ ದೇವರಾಜು ತುಟಿಯಲ್ಲೇ ತಟ್ಟೆಗಳನ್ನು ಎಣಿಸುವುದು ಕಂಡು ಕೋಣೆ ಮರೆತೇಹೋಯಿತು. ಎಷ್ಟೋ ಹೊತ್ತಿನ ಮೇಲೆ ಕೆಳಗಿನ ತಟ್ಟೆಯೊಂದರಿಂದ ಸರಕ್ ಎಂದಿತು. ಮತ್ತೊಂದು ಸರಕ್. ನಿಧಾನವಾಗಿ, ಮೂಲೆಯಿಂದ ಮೂಲೆಗೆ, ಇಡೀ ಮನೆಯಲ್ಲಿ ಮತ್ತೆ ತುಂತುರು ಮಳೆ ಹಿಡಿಯಿತು. ಭಾನುಪ್ರಿಯ ಹೊಸ್ತಿಲ ಮೇಲೆ ಕುಸಿದು ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮಾಯಮ್ಮ ಈಗ ಗಂಡನ ಕಡೆ ತಿರುಗಿದರು.

"ನಿಮ್ ತೂಕ ಎಷ್ಟು?"

"ಯಾಕೆ?"

"ಹೇಳಿ, ಎಷ್ಟು?"

"ಎಪ್ಪತ್ತೆರಡು."

"ಐವತ್ತು ದಾಟ್ತು ಕಣಿ," ಎಂದರು ಮಾಯಮ್ಮ. "ಗಂಟು ಕಟ್ಟಿ."

ಬೋರಲಿಂಗಯ್ಯನವರು ಬಾಯಿ ತೆರೆದರು. ವಾದಕ್ಕೆ ಅವರಲ್ಲಿ ಎಂದೂ ಬರವಿರಲಿಲ್ಲ. ಆದರೆ ಲೆಕ್ಕ ಅವರದೇ, ನಿಯಮ ಅವರದೇ, ತೂಕವಂತೂ ಸಂಪೂರ್ಣ ಅವರದೇ. ಕೊನೆಗೆ ಕ್ಷೀಣವಾಗಿ, "ಕ್ರೇಟಿನ ತೂಕ ಕಳೀಬೇಕಲ್ವಾ," ಎಂದರು.

"ಕ್ರೇಟ್ನೂ ತಕಂಡೇ ಹೋಗಿ," ಎಂದು ಮಾಯಮ್ಮ ಸೊಳ್ಳೆಬತ್ತಿಯ ಚೀಲವನ್ನು ತಂದು ಕೈಗಿಟ್ಟರು.

ನೀನು ಬರುವುದಿಲ್ಲವೇ ಎಂದು ಕೇಳಿದ್ದಕ್ಕೆ, ಹುಳು ಗೂಡು ಕಟ್ಟುವವರೆಗೆ ಸೊಪ್ಪು ಕೊಯ್ಯುವವರು ಯಾರು ಎಂದು ಆಕೆಯೇ ಕೇಳಿದರು. ಆಮೇಲೆ? ಆಮೇಲೆ ಇನ್ನೊಂದು ಬೆಳೆ. ರೋಶನ್ ಬೀಗೆ ಫೋನು ಮಾಡಿ ಬಾಗಿಲು ತೆಗೆಸಿಡಲು ಹೇಳುತ್ತೇನೆ, ಒಗ್ಗರಣೆ ಡಬ್ಬಿ ಮೇಲಿನ ಗೂಡಿನಲ್ಲಿದೆ ಎಂದರು. ಅದನ್ನು ಬಿಟ್ಟೇ ಬಂದಿದ್ದರೆಂದು ಬೋರಲಿಂಗಯ್ಯನವರಿಗೆ ಆಗ ತಿಳಿಯಿತು.

ದೂರದಲ್ಲಿ ರಾಮನಗರದ ಬಸ್ಸು ಹಾರ್ನ್ ಹೊಡೆಯಿತು. ಬೋರಲಿಂಗಯ್ಯನವರು ಚೀಲವನ್ನು ಹೆಗಲಿಗೆ ಏರಿಸಿದರು. ಮೂರು ಕೆಜಿ. ಚಪ್ಪಲಿ ಮೆಟ್ಟಿದರು. ದೇವರಾಜುವಿಗೆ ಸಿಟ್ಟು ಇಳಿದು ಕನಿಕರ ಹುಟ್ಟಿತ್ತು. ಮೃದು ಜೀವ. ಅವನು ಹಿಂದೆಯೇ ಬಂದ.

"ಬೇಜಾರ್ ಮಾಡ್ಕಬೇಡಿ ಭಾವ. ಆರ್ ದಿನ ಆದ್ಮೇಲೆ ಹುಳ ಗೂಡು ಕಟ್ಟಕ್ಕೆ ಚಂದ್ರಿಕೆಗೆ ಏರ್ತವೆ. ಗೂಡು ಕಟ್ಟುದ್ಮೇಲೆ ನಾನೇ ಬಂದು ಕರ್ಕಂಡ್ ಬತ್ತೀನಿ. ಒಸಿ ಊಟ ಮಾಡ್ಕಂಡಾರೂ ಹೋಗಿ... ಭಾವ, ಆ ಕಡೆಯಿಂದ ಬೇಡ, ಬದು ಮೇಲೆ ಹೋಗಿ, ಕಾಯಿ ಒಣಗವೆ, ಇನ್ನೂ ಕೆಡವುಸಿಲ್ಲ, ಭಾವ..."

ಬೋರಲಿಂಗಯ್ಯನವರು ಆಗಲೇ ಮೊದಲನೆಯ ತೆಂಗಿನಮರದ ಬುಡ ದಾಟಿದ್ದರು. ಎರಡನೆಯದರ ಕೆಳಗೂ ಅವರು ತಲೆ ಎತ್ತಿ ನೋಡಲಿಲ್ಲ.